ಟೆಲಿಗ್ರಾಂ ಬಾಟ್‌ಗೆ ಪ್ಲಗಿನ್ ಜೋಡಿಸುವುದು ಹೇಗೆ?

ಬಾಟ್ (ಚಾಟ್‌ನಲ್ಲಿ ತಾನೇ ಉತ್ತರಿಸುವ ಪ್ರೋಗ್ರಾಂ) ಬರೆಯಲು ಕೂತವರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಪೈಥಾನ್ ಫೈಲಿಗೆ ತುರುಕುತ್ತಾರೆ. ಆಮೇಲೆ ಹವಾಮಾನ ಹೇಳುವ ಭಾಗದಲ್ಲಿ ಒಂದು ಕಂಸ ಬಿಟ್ಟುಹೋದರೂ ಇಡೀ ಬಾಟ್ ಮೇಲೇಳುವುದಿಲ್ಲ. ಒಂದು ಕೆಲಸಕ್ಕೆ ಒಂದು ಪ್ಲಗಿನ್ ಫೈಲ್ (ಬಾಟ್‌ಗೆ ಬೇರೆಯಾಗಿ ಜೋಡಿಸುವ ಕೋಡಿನ ತುಂಡು) ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

1. ಟೋಕನ್: ಇದು ನಿಮ್ಮ ಬಾಟ್‌ನ ಗುಪ್ತ ಕೀಲಿ. ಬಾಟ್‌ಗಳನ್ನು ನೋಂದಾಯಿಸುವ ಟೆಲಿಗ್ರಾಂನದೇ ಬಾಟ್ ಆದ ಬಾಟ್‌ಫಾದರ್‌ಗೆ 'ನ್ಯೂಬಾಟ್' ಕಮಾಂಡ್ ಕಳಿಸಿದರೆ ಸಿಗುತ್ತದೆ. ಕೋಡಿನಲ್ಲಿ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ (ಕೋಡಿನ ಹೊರಗೆ, ಆಪರೇಟಿಂಗ್ ಸಿಸ್ಟಂನಲ್ಲಿ ಇಡುವ ಮೌಲ್ಯ). ಟೋಕನ್ ಗಿಟ್‌ಹಬ್ ಸೇರಿಬಿಟ್ಟಿದ್ದರೆ ಕಮಿಟ್ (ಅಲ್ಲಿ ದಾಖಲಾದ ಬದಲಾವಣೆ) ಅಳಿಸಿ ಪ್ರಯೋಜನವಿಲ್ಲ, ಬಾಟ್‌ಫಾದರ್‌ನಲ್ಲೇ 'ರಿವೋಕ್' (ರದ್ದು) ಮಾಡಿ ಹೊಸದು ಪಡೆಯಿರಿ.

2. ಲೈಬ್ರರಿ: ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಬಾಟ್‌ಗೆ ಮಾತ್ರ ಮೀಸಲಾದ ಪೈಥಾನ್ ಜಾಗ) ಮಾಡಿಕೊಂಡು 'ಪೈಥಾನ್-ಟೆಲಿಗ್ರಾಂ-ಬಾಟ್' ಹಾಕಿಕೊಳ್ಳಿ. ಬರೀ 'ಟೆಲಿಗ್ರಾಂ' ಎಂಬುದು ಬೇರೆಯೇ ಪ್ಯಾಕೇಜ್. ನಿಮ್ಮ ಫೈಲಿಗೂ ಆ ಹೆಸರಿಡಬೇಡಿ, ಇಂಪೋರ್ಟ್ ಮಾಡಿದಾಗ ಲೈಬ್ರರಿಯ ಬದಲು ಅದೇ ಬರುತ್ತದೆ. 20ನೇ ಆವೃತ್ತಿಯಿಂದ ಲೈಬ್ರರಿ ಅಸಿಂಕ್ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ಮಾಡುವ ರೀತಿ) ಆಗಿದೆ; ಈ ಲೈಬ್ರರಿಗೆ ಹಳೆಯ ಆವೃತ್ತಿಯ 'ಡಿಸ್ಪ್ಯಾಚರ್' ಎಂಬ ಪದ ಕಂಡ ಯೂಟ್ಯೂಬ್ ಪಾಠವನ್ನು ಅಲ್ಲೇ ಮುಚ್ಚಿ.

3. ಪ್ಲಗಿನ್: 'ಪ್ಲಗಿನ್ಸ್' ಫೋಲ್ಡರಿನ ಪ್ರತಿ ಫೈಲಿನಲ್ಲೂ 'ಹ್ಯಾಂಡ್ಲರ್ಸ್' ಎಂಬ ಫಂಕ್ಷನ್ ಇರಲಿ. ಅದು ಹ್ಯಾಂಡ್ಲರ್‌ಗಳ (ಯಾವ ಮೆಸೇಜಿಗೆ ಯಾವ ಕೋಡ್ ಓಡಬೇಕೆಂದು ಹೇಳುವ ವಸ್ತುಗಳು) ಪಟ್ಟಿಯನ್ನು ಹಿಂದಿರುಗಿಸಬೇಕು, ಅಷ್ಟೇ. ಅವನ್ನು ಬಾಟ್‌ಗೆ ಸೇರಿಸುವ ಕೆಲಸವನ್ನು ಪ್ಲಗಿನ್‌ಗೆ ಕೊಡಬೇಡಿ, ಮುಂದೆ ಬರುವ ಲೋಡರ್‌ಗೆ ಬಿಡಿ. ಪ್ಲಗಿನ್ ಎರಡು ಹ್ಯಾಂಡ್ಲರ್ ಸೇರಿಸಿ ಮೂರನೆಯದರಲ್ಲಿ ದೋಷದಿಂದ ನಿಂತರೆ ಅರೆಬರೆ ಪ್ಲಗಿನ್ ಓಡುತ್ತಿರುತ್ತದೆ.

4. ಲೋಡರ್: ಪ್ಲಗಿನ್‌ಗಳನ್ನು ಹುಡುಕಿ ಬಾಟ್‌ಗೆ ಸೇರಿಸುವ ಕೋಡ್ ಇದು. ಜನ ಎಡವುವುದು ಇಲ್ಲೇ. ಪೈಥಾನ್ ಜೊತೆಗೇ ಬರುವ 'ಪಿಕೆಜಿಯುಟಿಲ್'ನ 'ಐಟರ್ ಮಾಡ್ಯೂಲ್ಸ್' ಫಂಕ್ಷನ್ ಫೈಲುಗಳನ್ನು ಹುಡುಕುತ್ತದೆ, 'ಇಂಪೋರ್ಟ್‌ಲಿಬ್' ಒಂದೊಂದನ್ನೇ ತರುತ್ತದೆ. ಹಳೆಯ ಪಾಠಗಳ 'ಇಂಪ್' ಮಾಡ್ಯೂಲ್ ಪೈಥಾನ್ 3.12ರಲ್ಲಿ ಇಲ್ಲ. ಫೋಲ್ಡರಿನ ಪೂರ್ತಿ ಹಾದಿ ಕೊಡಿ. ಬರೀ 'ಪ್ಲಗಿನ್ಸ್' ಎಂದರೆ ನಿಮ್ಮ ಟರ್ಮಿನಲ್‌ನಲ್ಲಿ ಸಿಗುತ್ತದೆ, ಸರ್ವರ್‌ನಲ್ಲಿ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರುಮಾಡುವ ವ್ಯವಸ್ಥೆ) ಬೇರೆ ಫೋಲ್ಡರಿನಿಂದ ಓಡಿಸಿದಾಗ ಸಿಗುವುದಿಲ್ಲ. ಇಲ್ಲದ ಫೋಲ್ಡರ್ ಕೊಟ್ಟರೂ 'ಐಟರ್ ಮಾಡ್ಯೂಲ್ಸ್' ದೋಷ ತೋರಿಸದೆ ಸುಮ್ಮನಿರುತ್ತದೆ. ಬಾಟ್ ಎದ್ದಿರುತ್ತದೆ, ಯಾವ ಕಮಾಂಡಿಗೂ ಉತ್ತರವಿರುವುದಿಲ್ಲ.

ಪ್ರತಿ ಇಂಪೋರ್ಟ್‌ಗೂ ಬೇರೆ ಬೇರೆ ಟ್ರೈ-ಎಕ್ಸೆಪ್ಟ್ (ದೋಷ ಬಂದರೆ ಹಿಡಿಯುವ ಕೋಡ್) ಹಾಕಿ, ಎಕ್ಸೆಪ್ಟ್‌ನಲ್ಲಿ ದೋಷವನ್ನು ದಾಖಲಿಸುವ 'ಲಾಗಿಂಗ್.ಎಕ್ಸೆಪ್ಶನ್' ಕರೆಯಿರಿ. ಲೂಪಿನ ಹೊರಗೆ ಒಂದೇ ಟ್ರೈ ಹಾಕಿದರೆ ಮೊದಲ ಕೆಟ್ಟ ಪ್ಲಗಿನ್ ಉಳಿದವನ್ನೂ ತಡೆಯುತ್ತದೆ. ಎಕ್ಸೆಪ್ಟ್‌ನಲ್ಲಿ 'ಪಾಸ್' (ಏನೂ ಮಾಡಬೇಡ) ಬರೆದು ಕೈತೊಳೆದುಕೊಳ್ಳುವುದು ಇನ್ನೂ ಕೆಟ್ಟದ್ದು.

ಹ್ಯಾಂಡ್ಲರ್‌ಗಳನ್ನು ಬಾಟ್‌ಗೆ ಸೇರಿಸುವ ಮೊದಲು ಕಮಾಂಡ್ ಹೆಸರುಗಳನ್ನು ಒಂದು ಡಿಕ್ಷನರಿಯಲ್ಲಿ ಗುರುತಿಸಿಕೊಳ್ಳಿ. ಲೈಬ್ರರಿ ಹ್ಯಾಂಡ್ಲರ್‌ಗಳನ್ನು ಸಂಖ್ಯೆಯಿರುವ ಗುಂಪುಗಳಲ್ಲಿಡುತ್ತದೆ; ಒಂದೇ ಗುಂಪಿನಲ್ಲಿ ಮೊದಲು ಹೊಂದಿಕೆಯಾದ ಹ್ಯಾಂಡ್ಲರ್ ಮಾತ್ರ ಓಡುವುದರಿಂದ, ಎರಡು ಪ್ಲಗಿನ್‌ಗಳು 'ಹೆಲ್ಪ್' ಕೇಳಿದರೆ ಎರಡನೆಯದು ಸದ್ದಿಲ್ಲದೆ ಸಾಯುತ್ತದೆ. ಎಲ್ಲ ಮೆಸೇಜನ್ನೂ ಹಿಡಿಯುವ ಪ್ಲಗಿನ್ ಇದ್ದರೆ ಅದಕ್ಕೆ ದೊಡ್ಡ ಗುಂಪು ಸಂಖ್ಯೆ ಕೊಟ್ಟು ಕೊನೆಗೆ ತಳ್ಳಿ.

ಬಾಟ್ ಓಡುತ್ತಿರುವಾಗಲೇ 'ರೀಲೋಡ್' ಮಾಡುವ ಆಸೆ ಬೇಡ. ಹಳೆಯ ಹ್ಯಾಂಡ್ಲರ್‌ಗಳು ಅಂಟಿಕೊಂಡೇ ಇರುತ್ತವೆ. ರೀಸ್ಟಾರ್ಟ್ ಮಾಡಿ.

5. ಕಾಯಿಸುವ ಕೋಡ್: ಪ್ಲಗಿನ್ ಒಳಗೆ 'ಟೈಂ.ಸ್ಲೀಪ್' ಅಥವಾ ವೆಬ್‌ನಿಂದ ಮಾಹಿತಿ ತರುವ 'ರಿಕ್ವೆಸ್ಟ್ಸ್' ಬಂದರೆ ಆ ಹೊತ್ತು ಎಲ್ಲರಿಗೂ ಬಾಟ್ ಸ್ತಬ್ಧ. 'ರಿಕ್ವೆಸ್ಟ್ಸ್' ಬದಲು 'ಎಚ್‌ಟಿಟಿಪಿಎಕ್ಸ್' ಲೈಬ್ರರಿಯ ಅಸಿಂಕ್ ಕ್ಲೈಂಟ್ ಬಳಸಿ.

6. ಕನ್ನಡ: ಸ್ಲ್ಯಾಶ್ ಕಮಾಂಡ್‌ಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತವೆ. ಕನ್ನಡಕ್ಕೆ ಮೆಸೇಜ್ ಹ್ಯಾಂಡ್ಲರ್ ಬೇಕು. ಅಲ್ಲಿ ಪದ ಹಿಡಿಯಲು ಪೈಥಾನ್ ರೆಜೆಕ್ಸ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ಸೌಲಭ್ಯ) 'ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ' ಗುರುತನ್ನು ನಂಬಬೇಡಿ. ಅದು ಸ್ವರಚಿಹ್ನೆಯನ್ನು ಅಕ್ಷರವೆಂದು ಎಣಿಸುವುದಿಲ್ಲ, 'ಮಳೆ' ಎಂದು ಬರೆದರೆ 'ಮಳ'ದಲ್ಲೇ ನಿಲ್ಲುತ್ತದೆ. ಮೆಸೇಜನ್ನು 'ಸ್ಪ್ಲಿಟ್' ಮಾಡಿ (ಖಾಲಿ ಜಾಗಗಳಲ್ಲಿ ಒಡೆದು) ಪದಕ್ಕೆ ಪದ ಹೋಲಿಸಿ.

ಸರ್ವರ್‌ಗೆ ಹಾಕಿದ ಮೇಲೆ '409 ಕಾನ್‌ಫ್ಲಿಕ್ಟ್' ಎಂಬ ದೋಷ ಬಂದರೆ ಅದೇ ಟೋಕನ್ನಿನ ಇನ್ನೊಂದು ಪ್ರತಿ ಎಲ್ಲೋ ಓಡುತ್ತಿದೆ ಎಂದರ್ಥ, ಬಹುಪಾಲು ನಿಮ್ಮ ಲ್ಯಾಪ್‌ಟಾಪಿನಲ್ಲೇ. ಪರೀಕ್ಷೆಗೆ ಬೇರೆ ಟೋಕನ್ ಇಟ್ಟುಕೊಳ್ಳಿ, ಬಾಟ್‌ಫಾದರ್ ಅದನ್ನೂ ಪುಕ್ಕಟೆ ಕೊಡುತ್ತದೆ.