ಸೆಲ್ಫ್ ತಿರುಗುತ್ತದೆ, ಇಂಜಿನ್ ಏಳುವುದಿಲ್ಲ

ಹಿರಿಯೂರು ಬೈಪಾಸ್ ಪಕ್ಕದ ನನ್ನ ಗ್ಯಾರೇಜಿಗೆ ರಾತ್ರಿ ಹೊತ್ತು ಲಾರಿ ಚಾಲಕರಿಂದ ಬರುವ ಫೋನುಗಳಲ್ಲಿ ಅರ್ಧದಷ್ಟು ಇದೇ ದೂರು: "ಮೇಸ್ತ್ರಿ, ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದೆ, ಗಾಡಿ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ." ಮೊದಲು ಕೀಲಿ ಬಿಡಿ ಎನ್ನುತ್ತೇನೆ. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಹೊಡೆದರೆ ಸೆಲ್ಫ್ ಮೋಟಾರ್ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ. ಒಂದಿದ್ದ ದೋಷ ಮೂರಾಗುತ್ತದೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಮಾತ್ರ ಹೊಡೆಯಿರಿ. ಆಗ ಕ್ಲೀನರ್ ಸೈಲೆನ್ಸರ್ ಬಳಿ ನಿಂತು ಹೊಗೆ ನೋಡಲಿ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಇಳಿಯುತ್ತಿಲ್ಲ. ಬಿಳಿ ಹೊಗೆ ಬಂದರೆ ಇಳಿಯುತ್ತಿದೆ, ಉರಿಯುತ್ತಿಲ್ಲ. ಮುಂದಿನ ಕೆಲಸವೆಲ್ಲ ಈ ಎರಡರಲ್ಲಿ ಯಾವುದು ಎಂಬುದರ ಮೇಲೆ ನಿಂತಿದೆ. ಆದರೂ ಇದನ್ನು ನೋಡದೆ ಸ್ಪಾನರ್ ಹಿಡಿಯುವವರೇ ಜಾಸ್ತಿ.

ನಾನೂ ಹಿಡಿದವನೇ. ಕೆಲಸ ಕಲಿಯುತ್ತಿದ್ದಾಗ ಒಂದು ಹಳೆಯ ಆರು ಸಿಲಿಂಡರಿನ ಲಾರಿಯ ನಾಜಲ್‌ಗಳನ್ನೆಲ್ಲ, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿಗಳನ್ನೆಲ್ಲ, ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ. ಉಸ್ತಾದರು ಚಹಾ ಕುಡಿದು ಬಂದವರು ಡೀಸೆಲ್ ಪಂಪಿನ ಪಕ್ಕದ, ಇಂಜಿನ್ ನಿಲ್ಲಿಸುವ ಸ್ಟಾಪ್ ಲಿವರನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರು. ಕೇಬಲ್ ತುಕ್ಕು ಹಿಡಿದು ಲಿವರ್ ನಿಲ್ಲಿಸುವ ಕಡೆಗೇ ಸಿಕ್ಕಿಕೊಂಡಿತ್ತು, ಅಷ್ಟೇ. ಬೈಯಲಿಲ್ಲ, ಆರನ್ನೂ ನೀನೇ ಜೋಡಿಸು ಎಂದರು. ಹೊಗೆ ಇಲ್ಲವೆಂದರೆ ಇಂದಿಗೂ ನನ್ನ ಕೈ ಮೊದಲು ಹೋಗುವುದು ಆ ಲಿವರಿಗೆ. ಕೇಬಲ್ ಬದಲು ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ಇದ್ದರೆ ಅದರ ಫ್ಯೂಸ್ ಮತ್ತು ವೈರ್ ನೋಡಿ.

ಆಮೇಲೆ ಟ್ಯಾಂಕ್. ಮೀಟರಿನ ಮುಳ್ಳನ್ನು ನಂಬಬೇಡಿ, ಕೋಲು ಇಳಿಸಿ ನೋಡಿ. ಮುಚ್ಚಳ ತೆರೆದಾಗ ಉಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಗಾಳಿಕಿಂಡಿ ಕಟ್ಟಿದೆ. ಫಿಲ್ಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿಯಿರಿ. ನೀರಿದ್ದರೆ ಅದು ಡೀಸೆಲಿನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಇಷ್ಟರಲ್ಲೂ ಸಿಗದಿದ್ದರೆ ಏರ್ ಲಾಕ್, ಅಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಹಳೆಯ ಮಾದರಿಯ ಪಂಪ್ ಇರುವ ಲಾರಿಯಲ್ಲಿ ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಫಿಲ್ಟರಿನ ಮೇಲಿನ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಡೀಸೆಲ್ ಒಂದೇ ಧಾರೆಯಾಗುವವರೆಗೆ ಒತ್ತಿ, ಬಿಗಿ ಮಾಡಿ. ಪಂಪಿನ ಸ್ಕ್ರೂಗೂ ಹಾಗೆಯೇ. ಕೊನೆಗೆ ನಾಜಲ್ ಪೈಪುಗಳ ನಟ್ಟನ್ನು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ.

ಗಾಳಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ, ಅದು ಎಲ್ಲಿಂದ ಬಂತು ಎಂದು ನೋಡಿ. ದಾವಣಗೆರೆಯಿಂದ ನಾಮಕ್ಕಲ್ಲಿಗೆ ಮೆಕ್ಕೆಜೋಳ ಹೊತ್ತ ಲಾರಿಯೊಂದು ಗಾಳಿ ತೆಗೆದಾಗಲೆಲ್ಲ ಐದು ನಿಮಿಷ ಓಡಿ ಮತ್ತೆ ಮಲಗುತ್ತಿತ್ತು. ಪೈಪಿನಲ್ಲಿ ಎಲ್ಲಿಯೂ ಒಂದು ಹನಿ ಸೋರಿಕೆಯಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿನ ಒಂದಡಿ ತುಂಡು ನನ್ನ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಅದನ್ನು ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಸೇರಿಸಿ ಪ್ರೈಮರ್ ಒತ್ತಿದೆ. ಸೋಡಾದಲ್ಲಿ ಏಳುವಂತೆ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಬಂದವು. ಟ್ಯಾಂಕಿನ ಬಳಿ ಕ್ಲಾಂಪಿನ ಅಡಿಯಲ್ಲಿ ರಬ್ಬರ್ ಪೈಪಿಗೆ ಕೂದಲೆಳೆಯ ಬಿರುಕು! ಆ ಭಾಗದಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆ. ಹಾಗಾಗಿ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಎರಡು ಇಂಚು ಕತ್ತರಿಸಿ ಮತ್ತೆ ಕೂರಿಸಿದೆ. ಫಿಲ್ಟರ್ ಬದಲಿಸುವಾಗ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದರೂ ಇದೇ ಕಾಟ.

ಬಿಳಿ ಹೊಗೆ ಬರುತ್ತಿದ್ದರೆ ಕಿವಿ ಕೊಡಿ. ಸೆಲ್ಫ್ ಎಳೆದೆಳೆದು ತಿರುಗಿದರೆ ಒತ್ತಡದ ಬಿಸಿ ಸಾಲದೆ ಡೀಸೆಲ್ ಹತ್ತಿಕೊಳ್ಳುವುದಿಲ್ಲ. ಹೊಡೆಯುವಾಗ 24 ವೋಲ್ಟಿನ ಜೋಡಿ ಬ್ಯಾಟರಿ 18ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೂ ಅರ್ತ್ ಕೇಬಲನ್ನೂ ನೋಡಿ. ತಿರುಗುವ ಲಯ ನಡುನಡುವೆ ತಪ್ಪುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಂಪ್ರೆಷನ್ (ಗಾಳಿಯ ಒತ್ತಡ) ಇಲ್ಲ. ಅದು ರಸ್ತೆಬದಿಯ ಕೆಲಸವಲ್ಲ. ಬೇಗ ಹತ್ತಲಿ ಎಂದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಫಿಲ್ಟರ್ ಬಾಯಿಗೆ ಹಿಡಿಯುವ ಜಾಣತನ ಬೇಡವೇ ಬೇಡ.

ಇದೆಲ್ಲ ಹಳೆಯ ಪಂಪಿನ ಮಾತು. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಲಾರಿಗಳಲ್ಲಿ ಕಾಮನ್ ರೈಲ್ ಇದೆ, ಅಂದರೆ ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುತ್ತದೆ. ಅದರ ನಾಜಲ್ ಪೈಪನ್ನು ಸೆಲ್ಫ್ ಹೊಡೆಯುತ್ತಾ ಸಡಿಲಿಸಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಲ್ಲಿ ಫಿಲ್ಟರಿನ ನೀರು ತೆಗೆಯಿರಿ, ಫ್ಯೂಸ್ ಮತ್ತು ರಿಲೇ ನೋಡಿ, ಕ್ರ್ಯಾಂಕ್ ಸೆನ್ಸರಿನ ಕನೆಕ್ಟರನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿ. ಆಮೇಲೂ ಏಳದಿದ್ದರೆ ಎತ್ತಿದ ಕ್ಯಾಬಿನ್ ಇಳಿಸಿ, ದೋಷ ಓದುವ ಸ್ಕ್ಯಾನರ್ ಇರುವವರನ್ನು ಕರೆಯಿರಿ. ನಾನೂ ಹಾಗೆಯೇ ಮಾಡುತ್ತೇನೆ.