ಬರೋಕ್ ಮೇಳದ ಶ್ರುತಿ ಕೂಡಿಸುವ ಕ್ರಮ

ಬರೋಕ್, ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ ನುಡಿಸುವ, ಹಾರ್ಪ್ಸಿಕಾರ್ಡ್ (ಕೀಲಿ ಒತ್ತಿದಾಗ ತಂತಿ ಮೀಟುವ ವಾದ್ಯ) ಇರುವ ಮೇಳದಲ್ಲಿ ಶ್ರುತಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪಿಟೀಲು, ಚೆಲ್ಲೋದವರು ತಂತಿಗಳನ್ನು ಶುದ್ಧ ಪಂಚಮಕ್ಕೆ ಕೂಡಿಸಿಕೊಳ್ಳುತ್ತಾರೆ, ಹಾರ್ಪ್ಸಿಕಾರ್ಡಿನ ಆ ಪಂಚಮಗಳು ಶುದ್ಧವಾಗಿರುವುದಿಲ್ಲ.

ಮೊದಲು ಆಧಾರ ಶ್ರುತಿ. ಬಾಖ್, ಹ್ಯಾಂಡೆಲ್ ಕೃತಿಗಳಿಗೆ ಇಂದಿನ ರೂಢಿ ಎ ಸ್ವರ = 415 ಹರ್ಟ್ಜ್, ಅಂದರೆ 440ಕ್ಕಿಂತ ಅರ್ಧ ಸ್ವರ ಕೆಳಗೆ. ಫ್ರೆಂಚ್ ಒಪೆರಾಕ್ಕೆ 392. ಇದು ಹಿಂದಿನ ದಿನವೇ ತೀರ್ಮಾನವಾಗಲಿ; ಆಗಷ್ಟೇ ಎಳೆದ ತಂತಿ ನಿಲ್ಲುವುದಿಲ್ಲ. ಕೀಲಿಮಣೆ ಸರಿಸಿ 440ರಿಂದ 415ಕ್ಕೆ ಇಳಿಸಿದರೆ ಪಂಚಮಗಳ ಹಂಚಿಕೆಯೂ (ಯಾವುದು ಕಿರಿದು, ಯಾವುದು ಶುದ್ಧ ಎಂಬುದು) ಅರ್ಧ ಸ್ವರ ಸರಿಯುತ್ತದೆ, ಮತ್ತೆ ಕೂಡಿಸಲೇಬೇಕು.

ಒಂದು ಎಂಟಡಿ ಸಾಲು (ಮಾಮೂಲು ಸ್ಥಾಯಿಯ ತಂತಿಗಳ ಸಾಲು) ಮಾತ್ರ ತೆರೆದಿಟ್ಟು, ಪಂಚಮಗಳನ್ನು ಹಂಚುವ ವಲ್ಲೊಟ್ಟಿ ಕ್ರಮ ಹಿಡಿಯಿರಿ. ಎಫ್-ಸಿ-ಜಿ-ಡಿ-ಎ-ಇ-ಬಿ, ಈ ಆರು ಪಂಚಮಗಳು ತಲಾ ಸುಮಾರು 4 ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಕಿರಿದು, ಉಳಿದ ಆರು ಶುದ್ಧ. ನಡುವಿನ ಸಿ-ಗಿಂತ ಕೆಳಗಿನ ಎ-ಯಿಂದ ಶುರುಮಾಡಿ ಅದರ ಕೆಳಗಿನ ಡಿ-ಯನ್ನು ಅಲೆ (ಎರಡು ಸ್ವರ ಪೂರ್ತಿ ಕೂಡದಿದ್ದಾಗ ಕೇಳುವ ನಾದದ ಏರಿಳಿತ) ನಿಲ್ಲುವವರೆಗೆ ಕೂಡಿಸಿ, ನಂತರ ಡಿ-ಯನ್ನು ಕೂದಲೆಳೆಯಷ್ಟು ಏರಿಸಿ. ಸೆಕೆಂಡಿಗೆ ಸುಮಾರು ಒಂದು ಅಲೆ ಬರಬೇಕು. ತಂಬೂರಿ ಕೂಡಿಸಿದವರಿಗೆ ಈ ಅಲೆ ಹೊಸದಲ್ಲ. ಮೇಲೆ ಹೋಗುವಾಗ ತಿರುಗುಮುರುಗು: ಇ, ಬಿ ಸ್ವರಗಳನ್ನು ಇಳಿಸಬೇಕು. ಎಡವುವುದು ಇಲ್ಲಿಯೇ. ಬಿ-ಯಿಂದ ಮುಂದೆ ಎಫ್ ಶಾರ್ಪ್, ಸಿ ಶಾರ್ಪ್, ಜಿ ಶಾರ್ಪ್, ಇ ಫ್ಲಾಟ್, ಬಿ ಫ್ಲಾಟ್ ಶುದ್ಧವಾಗಿ ಬರಲಿ. ಕೊನೆಯಲ್ಲಿ ಬಿ ಫ್ಲಾಟ್-ಎಫ್ ನುಡಿಸಿ ನೋಡಿ. ಅದು ಕಿರಿದಾಗಿದ್ದರೆ ಮೊದಲ ಆರರಲ್ಲಿ ಸಾಕಷ್ಟು ಕಿರಿದು ಮಾಡಿಲ್ಲ, ಅಗಲವಾಗಿದ್ದರೆ ಅತಿಯಾಗಿದೆ. ಆಮೇಲೆ ಅಷ್ಟಕಗಳು, ಎರಡನೇ ಎಂಟಡಿ ಸಾಲು, ಕಡೆಗೆ ಒಂದು ಅಷ್ಟಕ ಮೇಲಿನ ನಾಲ್ಕಡಿ ಸಾಲು.

ಮಾಂಟೆವೆರ್ದಿಯ 1610ರ ವೆಸ್ಪರ್ಸ್‌ಗೆ ಪಂಚಮಗಳನ್ನು ಇನ್ನೂ ಕಿರಿದು ಮಾಡುವ ಕಾಲು-ಕೊಮಾ ಮೀನ್‌ಟೋನ್ ಎಂಬ ಹಂಚಿಕೆ ಒಪ್ಪುತ್ತದೆ. ಗಾಂಧಾರಗಳು ಶುದ್ಧವಾಗಿ ನಿಲ್ಲುತ್ತವೆ. ಅದೇ ಹಂಚಿಕೆಯಲ್ಲಿ ಪರ್ಸೆಲ್‌ನ ಒಪೆರಾ 'ಡೈಡೋ ಅಂಡ್ ಈನಿಯಸ್' ಎತ್ತಿಕೊಳ್ಳಬೇಡಿ. ಅದರ ಓವರ್ಚರ್ ಸಿ ಮೈನರ್, ಎ ಫ್ಲಾಟ್ ಬೇಕು. ಎ ಫ್ಲಾಟ್, ಜಿ ಶಾರ್ಪ್ ಎರಡಕ್ಕೂ ಕೀಲಿ ಒಂದೇ; ಅದು ಜಿ ಶಾರ್ಪ್ ಆಗಿ ಕೂಡಿದ್ದರೆ 41 ಸೆಂಟ್ ತಗ್ಗು, ಕಿವಿಗೆ ಚುಚ್ಚುತ್ತದೆ.

ಈಗ ತಂತಿವಾದ್ಯಗಳು. ಎ ಮಾತ್ರ ಕೊಟ್ಟು ಬಿಡಬೇಡಿ; ಪ್ರತಿ ತಂತಿಗೂ ಹಾರ್ಪ್ಸಿಕಾರ್ಡಿನಿಂದ ಸ್ವರ ಕೊಡಿ. ಎ-ಯಿಂದ ಮೂರು ಶುದ್ಧ ಪಂಚಮ ಇಳಿದ ಚೆಲ್ಲೋದ ಸಿ ತಂತಿ ವಲ್ಲೊಟ್ಟಿಯಲ್ಲಿ ಸುಮಾರು 12 ಸೆಂಟ್, ಮೀನ್‌ಟೋನ್‌ನಲ್ಲಿ 16 ಸೆಂಟ್ ತಗ್ಗಿರುತ್ತದೆ. ಕರುಳಿನ ತಂತಿ ತೇವಕ್ಕೆ ಬೇಗ ಜಾರುವುದರಿಂದ ಎರಡು ಕೃತಿಗಳ ನಡುವೆ ಮತ್ತೆ ನೋಡಿಕೊಳ್ಳಬೇಕು.

ರೆಕಾರ್ಡರ್, ಓಬೋ ಬಿಸಿಯಾದಂತೆ ಏರುತ್ತವೆ. ಸ್ವಲ್ಪ ಹೊತ್ತು ಊದಿದ ಮೇಲೆಯೇ ಅವರಿಗೆ ಎ ಕೊಡಿ. ವೇದಿಕೆಯ ದೀಪಗಳು ಕಛೇರಿಯಲ್ಲಿರುವಷ್ಟೇ ಉರಿಯುತ್ತಿರುವಾಗ ಹಾರ್ಪ್ಸಿಕಾರ್ಡ್ ಕೂಡಿಸಿ, ವಿರಾಮದಲ್ಲಿ ಸಭಾಂಗಣ ಖಾಲಿಯಾಗುವ ಹೊತ್ತಿಗೆ ನಡುವಿನ ಎರಡು ಅಷ್ಟಕ ಮತ್ತೊಮ್ಮೆ ಪರೀಕ್ಷಿಸಿ.