ಜಗಳ ಬಿಡಿಸುವ ಮೊದಲು ನಾನು ನೋಡುವುದು ಲೈನನ್ನು

ಬೆಂಗಳೂರಿನ ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಕಲ್ಯಾಣಾಧಿಕಾರಿ. 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ ಇಂಥವರೊಬ್ಬರು ಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಹುದ್ದೆಯ ಹೆಸರು ದೊಡ್ಡದು, ದಿನದ ಅರ್ಧ ಕೆಲಸ ಮಾತ್ರ ಜಗಳ ಬಿಡಿಸುವುದೇ. ಇಬ್ಬರು ಕಿತ್ತಾಡುತ್ತಿದ್ದಾರೆ ಅಂದರೆ ಅವರ ಸ್ವಭಾವ ಎಂಥದ್ದು ಅಂತ ನಾನು ಮೊದಲು ಕೇಳುವುದಿಲ್ಲ. ಅವರಿಬ್ಬರ ಮಧ್ಯೆ ಕೆಲಸ ಹೇಗೆ ಸಾಗುತ್ತಿದೆ ಅಂತ ನೋಡುತ್ತೇನೆ.

ಶರ್ಟ್ ಲೈನಿನ, ಅಂದರೆ ಸಾಲಾಗಿ ಕೂತು ಶರ್ಟ್ ಹೊಲಿಯುವ ಕಡೆಯ, ಒಂದು ಜಗಳ ಹೇಳುತ್ತೇನೆ. ಒಂದು ಕಡೆ ಲೈನ್ ಸೂಪರ್‌ವೈಸರ್, ಇನ್ನೊಂದು ಕಡೆ ಕೊನೆಯಲ್ಲಿ ಪೀಸ್ ನೋಡುವ ಚೆಕ್ಕರ್. ಗಂಟೆಗೆ ಎಷ್ಟು ಪೀಸ್ ಬಂತು ಅಂತ ಬೋರ್ಡ್ ಮೇಲೆ ಬರೆಯುತ್ತಾರೆ. ಚೆಕ್ಕರ್ ಆಲ್ಟರೇಷನ್‌ಗೆ ವಾಪಸ್ ಹಾಕಿದ ಪೀಸ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಂಜೆ ಹೊತ್ತಿಗೆ ವಾಪಸ್ ಬಂದ ಶರ್ಟುಗಳ ರಾಶಿ. ಟೈಲರ್‌ಗಳು ಕೂತು ಹೊಲಿಗೆ ಬಿಚ್ಚಬೇಕು, ಅಷ್ಟರಲ್ಲಿ ಮನೆಗೆ ಹೋಗುವ ಬಸ್ಸಿನ ಹೊತ್ತು. ಒಂದು ದಿನ ಸೂಪರ್‌ವೈಸರ್ ಆ ರಾಶಿ ತಂದು ಚೆಕ್ಕರ್ ಟೇಬಲ್ ಮೇಲೆ ಎಸೆದ. ಎಲ್ಲರ ಎದುರು.

"ಬೇಕಂತಲೇ ವಾಪಸ್ ಹಾಕ್ತಾಳೆ ಮೇಡಂ" ಅಂತ ಅವನು. "ನಾನು ಪಾಸ್ ಮಾಡಿದ್ರೆ ನಾಳೆ ಬಯರ್ ಕಡೆಯವರು ಬಂದು ನನ್ನನ್ನೇ ಕೇಳ್ತಾರೆ" ಅಂತ ಅವಳು. ಇಬ್ಬರ ಮಾತೂ ನಿಜ. ಪ್ರೊಡಕ್ಷನ್ ಮ್ಯಾನೇಜರ್‌ಗೆ ಸುಲಭದ ದಾರಿ ಹೊಳೆಯಿತು: ಅವಳನ್ನು ಬೇರೆ ಲೈನಿಗೆ ಹಾಕಿಬಿಡೋಣ. ನಾನು ಒಪ್ಪಲಿಲ್ಲ. ಆ ಜಾಗಕ್ಕೆ ಬರುವ ಮುಂದಿನ ಚೆಕ್ಕರ್‌ಗೂ ಇದೇ ಗತಿ, ಅಲ್ವಾ?

ಇಬ್ಬರನ್ನೂ ಕ್ಯಾಬಿನ್‌ಗೆ ಕರೆಯಲಿಲ್ಲ. ನಮ್ಮಲ್ಲಿ ಕ್ಯಾಬಿನ್‌ಗೆ ಕರೆ ಬಂತು ಅಂದರೆ ಮೆಮೊ ಅಂತಲೇ ಅರ್ಥ, ಬಾಯಿ ಬಿಡುವವರು ಯಾರು? ಊಟದ ಹೊತ್ತಿನಲ್ಲಿ ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಕೂತೆ. ಆಮೇಲೆ ಚೆಕ್ಕರ್ ಹತ್ತಿರ ನಿಂತು, ವಾಪಸ್ ಬರುವ ಪೀಸ್‌ಗಳನ್ನು ತಪ್ಪಿನ ಪ್ರಕಾರ ಬೇರೆ ಬೇರೆ ಇಡಲು ಹೇಳಿದೆ. ಕಾಲರ್ ರಾಶಿಯೇ ಎತ್ತರ ಆಯಿತು.

ಕಾಲರ್ ಕೂರಿಸುವ ಹುಡುಗಿ ಒಡಿಶಾದವಳು. ಅವಳಿಗೆ ಕನ್ನಡ ಬಾರದು, ಸೂಪರ್‌ವೈಸರ್‌ಗೆ ಹಿಂದಿ ಅಷ್ಟಕ್ಕಷ್ಟೆ. ಹಾಗಾಗಿ ಅವಳನ್ನು ಬೈದವರು ಇದ್ದರು, ಕೇಳಿದವರು ಇರಲಿಲ್ಲ. ನನ್ನ ಹರುಕುಮುರುಕು ಹಿಂದಿಯಲ್ಲಿ ಕೇಳಿದಾಗ ಅವಳು ಮಾತಾಡಲೇ ಇಲ್ಲ. ಒಂದೇ ಸೈಜಿನ ಎರಡು ಕಾಲರ್ ತೆಗೆದು ಒಂದರ ಮೇಲೊಂದು ಇಟ್ಟಳು. ಒಂದು ಚಿಕ್ಕದಿತ್ತು. ಅದನ್ನು ಎಳೆದು ಕೂರಿಸಿದರೆ ಕತ್ತಿನ ಹತ್ತಿರ ಸುಕ್ಕು ಬರದೆ ಏನಾಗುತ್ತದೆ? ಕಾಲರ್ ಒಳಗೆ ಬಿಸಿ ಮಾಡಿ ಅಂಟಿಸುವ ಫ್ಯೂಸಿಂಗ್ ಬಟ್ಟೆ ಇರುತ್ತದೆ. ಹಾಗೆ ಅಂಟಿಸುವ ಮೆಷಿನ್ನಿನ ಶಾಖ ಹೆಚ್ಚಾದರೆ ಕಾಲರ್ ಕುಗ್ಗುತ್ತದೆ. ಮೆಕ್ಯಾನಿಕ್ ನೋಡಿದಾಗ ಬೆಲ್ಟಿನ ಒಂದು ಬದಿ ಜಾಸ್ತಿ ಕಾಯುತ್ತಿತ್ತು. ಅದು ಬೇರೆಯದೇ ಸೆಕ್ಷನ್, ಜಗಳ ಆಡಿದ ಇಬ್ಬರೂ ಅತ್ತ ತಲೆ ಹಾಕಿದವರಲ್ಲ.

ಮೆಷಿನ್ ಸರಿಹೋದರೆ ಜಗಳ ಮುಗಿಯಿತು ಅಂತಲ್ಲ. ಎಸೆದದ್ದು ಎಸೆದದ್ದೇ. ಇಬ್ಬರನ್ನೂ ಜೊತೆಗೆ ಕೂರಿಸಿ, "ಅವರು ಹೇಗೆ ಅಂತ ಬೇಡ, ಅವರಿಂದ ನಿಮಗೆ ಏನಾಗಬೇಕು ಅಷ್ಟು ಹೇಳಿ" ಅಂದೆ. ಸಂಜೆಗೆ ಒಟ್ಟಿಗೆ ತಂದು ಸುರಿಯದೆ ಗಂಟೆಗೊಮ್ಮೆ ವಾಪಸ್ ಕೊಡಬೇಕು ಅಂತ ಅವನು ಕೇಳಿದ. ಒಂದೇ ತಪ್ಪು ಮತ್ತೆ ಮತ್ತೆ ಬಂದರೆ ನಾನು ಕರೆದಾಗ ಬಂದು ನೋಡಬೇಕು, ಇನ್ನೊಮ್ಮೆ ಪೀಸ್ ಎಸೆಯಬಾರದು ಅಂತ ಅವಳು. "ಆಯ್ತು ಬಿಡಮ್ಮ, ಇನ್ಮೇಲೆ ಹಾಗೆ ಮಾಡಲ್ಲ" ಅಂದ, ಸ್ವಲ್ಪ ಗೊಣಗುತ್ತಲೇ. ಲೈನಿನ ಎದುರು ಎಸೆದದ್ದು, ಲೈನಿನ ಎದುರೇ ಹೇಳಲಿ ಅಂತ ಅವಳು ಹಟ ಹಿಡಿದಳು. ನ್ಯಾಯವೇ. ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ ಹೇಳಿಸಿದೆ. ಒಪ್ಪಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡೆ. ಬಾಯಿಮಾತಿನ ರಾಜಿ ಮುಂದಿನ ಸಂಬಳದ ತನಕ ಉಳಿದರೆ ಹೆಚ್ಚು.

ಎಲ್ಲದಕ್ಕೂ ಹೀಗೆ ಕೂರಿಸಿ ಮಾತಾಡಿಸುವುದಿಲ್ಲ. ಓಟಿ ದುಡ್ಡು ಬಂದಿಲ್ಲ ಅಂದರೆ ಅದು ರಾಜಿಯ ವಿಷಯವೇ ಅಲ್ಲ, ಎರಡರಷ್ಟು ದರದಲ್ಲಿ ಕೊಡಬೇಕು, ಮುಗೀತು. ಲೈಂಗಿಕ ಕಿರುಕುಳದ ದೂರು ಬಂದರೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ ಹೋಗಬೇಕು. ರಾಜಿ ಬೇಕು ಅಂತ ಆ ಹೆಣ್ಣುಮಗಳೇ ಕೇಳಿದರೆ ಮಾತ್ರ ಅದಕ್ಕೆ ದಾರಿ ಇದೆ, ಅದೂ ದುಡ್ಡಿನ ಲೆಕ್ಕದಲ್ಲಿ ಅಲ್ಲ. "ಸುಮ್ನೆ ಮಾತಾಡಿ ಮುಗಿಸಿ ಮೇಡಂ" ಅಂತ ಮೇಲಿನವರು ಹೇಳುವುದು ಇಂಥ ವಿಷಯಗಳಲ್ಲೇ ಜಾಸ್ತಿ.

20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಮ ಇರಬೇಕು ಅಂತ ಕಾನೂನಿದೆ. ನಮ್ಮಲ್ಲೂ ಇದೆ. ಆದರೆ ಪೀಸ್ ಎಸೆದ ದೂರು ಅಲ್ಲಿಗೆ ಕಾಗದದಲ್ಲಿ ಬರುವ ಹೊತ್ತಿಗೆ ಇಡೀ ಲೈನ್ ಎರಡು ಪಂಗಡ ಆಗಿರುತ್ತದೆ.

ಆ ಇಬ್ಬರು ಈಗಲೂ ಸ್ನೇಹಿತರೇನಲ್ಲ, ನನಗದು ಬೇಕೂ ಇರಲಿಲ್ಲ. ತೊಂದರೆ ಇರುವುದು ಶಿಪ್‌ಮೆಂಟ್ ಹತ್ತಿರ ಬಂದಾಗ. ಎಲ್ಲರೂ ಮೊದಲು ಕೈಬಿಡುವುದು ಗಂಟೆಗೊಮ್ಮೆ ಪೀಸ್ ವಾಪಸ್ ಕೊಡುವ ಆ ಒಪ್ಪಂದವನ್ನೇ. ಅದಕ್ಕೆ ಈಗ ಶಿಪ್‌ಮೆಂಟ್ ತಾರೀಖುಗಳನ್ನು ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ. ಆ ವಾರ ನನ್ನ ಕುರ್ಚಿ ಚೆಕ್ಕಿಂಗ್ ಟೇಬಲ್ ಪಕ್ಕದಲ್ಲೇ.